ರೀರೈಸ್‌ಗೆ ಯಂತ್ರದ ಉತ್ತರ

2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಕ್ಯಾಸಿನೊ ಒಂದರಲ್ಲಿ ನಾಲ್ವರು ವೃತ್ತಿಪರ ಪೋಕರ್ ಆಟಗಾರರು 20 ದಿನ ಕೂತು ಯಂತ್ರವೊಂದರ ಎದುರು 1,20,000 ಆಟ ಆಡಿದರು. ಯಂತ್ರದ ಹೆಸರು ಲಿಬ್ರೇಟಸ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೋಮ್ ಬ್ರೌನ್ ಮತ್ತು ಟುಮಾಸ್ ಸ್ಯಾಂಡ್‌ಹೋಮ್ ಕಟ್ಟಿದ್ದು. ಒಬ್ಬೊಬ್ಬರೂ ಯಂತ್ರದ ಎದುರು ಬೇರೆಬೇರೆಯಾಗಿ ಆಡಿದ್ದು ಇಬ್ಬರ ನೋ-ಲಿಮಿಟ್ ಹೋಲ್ಡೆಮ್.

ಈ ಆಟದಲ್ಲಿ ಒಬ್ಬೊಬ್ಬರಿಗೂ ಎರಡು ಗುಟ್ಟಿನ ಎಲೆ. ಮೇಜಿನ ಮೇಲೆ ಇನ್ನೂ ಒಂದು ಎಲೆಯೂ ಬಿದ್ದಿಲ್ಲ, ಅಷ್ಟರಲ್ಲೇ ಒಬ್ಬ ಪಣ ಏರಿಸುತ್ತಾನೆ, ಎದುರಾಳಿ ಅದನ್ನು ಮತ್ತೆ ಏರಿಸುತ್ತಾನೆ. ಇದೇ ರೀರೈಸ್. ಅಪರೂಪಕ್ಕೆ ಬಂದರೆ ಎಲೆ ಕೆಳಗಿಟ್ಟು ಸುಮ್ಮನಾಗಬಹುದು. ಮತ್ತೆ ಮತ್ತೆ ಬಂದರೆ? ಪ್ರತಿ ಸಲ ಎಲೆ ಇಟ್ಟರೆ ಹಣ ಸೋರುತ್ತದೆ. ರೇಗಿ ಕಂಡ ಎಲೆಗೆಲ್ಲ ಹಣ ಕಟ್ಟಿದರೆ ಇನ್ನೂ ಬೇಗ ಸೋರುತ್ತದೆ.

ಲೆಕ್ಕ ಇಲ್ಲಿಂದ ಶುರು. ಪಿಟ್ಸ್‌ಬರ್ಗ್‌ನಲ್ಲಿ ಆಟಕ್ಕೆ ಮೊದಲೇ ಇಡಬೇಕಿದ್ದ ಕಡ್ಡಾಯ ಪಣ 50 ಮತ್ತು 100. 50 ಇಟ್ಟವನು ಅದನ್ನು 250ಕ್ಕೆ ಏರಿಸಿದ, 100 ಇಟ್ಟವನು 900ಕ್ಕೆ ಒಯ್ದ ಎನ್ನೋಣ. ಎರಡನೆಯವನು ಹೊಸದಾಗಿ ಒಡ್ಡಿದ್ದು 800, ಮಧ್ಯದಲ್ಲಿದ್ದದ್ದು 350. ಎದುರಾಳಿ ನೂರಕ್ಕೆ 70 ಸಲ ಎಲೆ ಕೆಳಗಿಟ್ಟರೆ ಸಾಕು, ಕೈಯಲ್ಲಿ ಎಂಥ ಕಸವಿದ್ದರೂ ರೀರೈಸ್ ಲಾಭವೇ. ಹಾಗಾಗಿ ಮೊದಲು ಏರಿಸಿದವನು ನೂರರಲ್ಲಿ ಸುಮಾರು 30 ಸಲವಾದರೂ ನಿಂತು ಆಡಲೇಬೇಕು.

ಯಾವ ಎಲೆಗಳೊಂದಿಗೆ ನಿಲ್ಲಬೇಕು? ಎರಡೆಲೆಯ ಜೋಡಿಗಳು ಒಟ್ಟು 1,326. ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ, ಎಕ್ಕ-ರಾಜ ಇವಿಷ್ಟನ್ನೂ ಕೂಡಿಸಿದರೆ 34, ಅಂದರೆ ಶೇ 2.6. ಶೇ 15ರಷ್ಟು ಸಲ ರೀರೈಸ್ ಮಾಡುವವನ ಬಳಿ ಸುಮಾರು 199 ಜೋಡಿಗಳಿರಬೇಕು. ಅವುಗಳಲ್ಲಿ ಆರಕ್ಕೆ ಸುಮಾರು ಐದು ಈ ದೊಡ್ಡ ಎಲೆಗಳಲ್ಲ. ಆಗ ಇನ್ನೊಮ್ಮೆ ಏರಿಸಿ ಬೆದರಿಸುವ ದಾರಿ ತೆರೆಯುತ್ತದೆ. ಅದಕ್ಕೆ ಅನುಭವಿಗಳು ಒಂದೇ ಗುರುತಿನ ಎಕ್ಕ-ಐದನ್ನು ಆರಿಸುವುದುಂಟು. ಒಂದು ಎಕ್ಕ ತಮ್ಮ ಕೈಯಲ್ಲಿದ್ದರೆ ಎದುರಾಳಿಗೆ ಎಕ್ಕದ ಜೋಡಿ ಸಿಗುವ ದಾರಿಗಳು 6ರಿಂದ 3ಕ್ಕೆ ಇಳಿಯುತ್ತವೆ. ಚಿಕ್ಕ ಸಂಗತಿ, ಆದರೆ ಎಷ್ಟು ಸೊಗಸಾದದ್ದು!

ಲಿಬ್ರೇಟಸ್‌ಗೆ ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ತನ್ನೊಂದಿಗೆ ತಾನೇ ಲೆಕ್ಕವಿಲ್ಲದಷ್ಟು ಸಲ ಆಡಿ, ಪ್ರತಿ ತಿರುವಿನಲ್ಲೂ ‘ಬೇರೆ ನಡೆ ಇಟ್ಟಿದ್ದರೆ ಎಷ್ಟು ಸಿಗುತ್ತಿತ್ತು’ ಎಂದು ಅಳೆದು, ಆ ಪಶ್ಚಾತ್ತಾಪ ಕಡಿಮೆಯಾಗುವ ಕಡೆಗೆ ಸರಿಯುತ್ತ ಹೋಯಿತು. ಹೀಗೆ ಕಲಿತ ಯಂತ್ರ ಒಂದೇ ಜೋಡಿಯನ್ನು ಒಮ್ಮೆ ಕೆಳಗಿಡುತ್ತದೆ, ಒಮ್ಮೆ ಸರಿಗಟ್ಟುತ್ತದೆ, ಮತ್ತೊಮ್ಮೆ ಏರಿಸುತ್ತದೆ. ಯಾವುದು ಎಷ್ಟು ಸಲ ಎಂಬ ಪ್ರಮಾಣ ಮಾತ್ರ ಲೆಕ್ಕ ಹಾಕಿದ್ದು. ಅದರ ಜಾಣತನವೆಲ್ಲ ಈ ಪ್ರಮಾಣದಲ್ಲೇ ಇದೆ. ಎದುರಾಳಿ ಎಷ್ಟೇ ಸಲ ಮೇಲೆ ಬಿದ್ದರೂ ಅಲ್ಲಿ ಸುಲಭದ ಬಿರುಕು ಸಿಗುವುದಿಲ್ಲ.

ಬಿರುಕು ಹುಡುಕಲು ಆಟಗಾರರು ಕಡಿಮೆ ಶ್ರಮಪಡಲಿಲ್ಲ. ಪ್ರತಿ ಸಂಜೆ ಒಟ್ಟಿಗೆ ಕೂತು ಟಿಪ್ಪಣಿ ಹೋಲಿಸಿದರು, ಯಂತ್ರ ಮೊದಲೇ ಲೆಕ್ಕ ಹಾಕಿರದ ವಿಚಿತ್ರ ಮೊತ್ತಗಳನ್ನು ಪಣಕ್ಕಿಟ್ಟು ನೋಡಿದರು. ಅವರು ಮಲಗಿದ ಮೇಲೆ ಸೂಪರ್‌ಕಂಪ್ಯೂಟರ್ ಅಂಥ ಮೊತ್ತಗಳಲ್ಲಿ ಮುಖ್ಯವಾದವನ್ನು ಹೆಕ್ಕಿ ಹೊಸ ಉತ್ತರ ಕಟ್ಟುತ್ತಿತ್ತು. ಕೊನೆಗೆ ನಾಲ್ವರೂ ಸೇರಿ ಸೋತದ್ದು 17,66,250 ಡಾಲರ್ ಮೌಲ್ಯದ ಬಿಲ್ಲೆಗಳನ್ನು. ಬಿಲ್ಲೆಗಳು ಲೆಕ್ಕಕ್ಕೆ ಮಾತ್ರ; ಅವರ ಜೇಬಿನಿಂದ ಹಣ ಹೋಗಲಿಲ್ಲ.

2019ರಲ್ಲಿ ಇದೇ ಇಬ್ಬರು ಆರು ಜನರ ಆಟಕ್ಕೆಂದು ಪ್ಲುರಿಬಸ್ ತಂದರು. ಎಲೆ ಬೀಳುವ ಮೊದಲಿನ ಸುತ್ತಿನಲ್ಲಿ ಅದು ಸಾಮಾನ್ಯವಾಗಿ ಕಲಿತಿಟ್ಟ ಪಾಠದಂತೆಯೇ ಆಡುತ್ತದೆ. ತನ್ನ ಪಟ್ಟಿಯಲ್ಲಿರುವುದಕ್ಕಿಂತ ತೀರಾ ಬೇರೆಯಾದ ಮೊತ್ತ ಎದುರಾದರೆ, ಆ ಮೊದಲ ಸುತ್ತಿನಲ್ಲೂ ಪಾಠ ಬದಿಗಿಟ್ಟು, ಆಟದ ನಡುವೆಯೇ ಹೊಸದಾಗಿ ಲೆಕ್ಕಕ್ಕೆ ಇಳಿಯುತ್ತದೆ.