ಕತ್ತರಿ ಹಾಕದೆ ಕಿಟಕಿಗೆ ಪರದೆ



ನಮ್ಮ ಪಡಸಾಲೆಯ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನ 3 ಗಂಟೆ ಆಯ್ತು ಅಂದ್ರೆ ಬಿಸಿಲು ನೇರ ಒಳಗೆ ಬರುತ್ತದೆ. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಆ ಬೆಳಕಿಗೆ ಕಣ್ಣು ಬಿಡೋಕೇ ಆಗುತ್ತಿರಲಿಲ್ಲ. ಕಿಟಕಿ ಮುಚ್ಚಿದರೆ ಕತ್ತಲೆ. ಒಂದು ದಿನ ಆ ಕತ್ತಲಲ್ಲಿ ಹೊಸ್ತಿಲು ಎಡವಿ ಬಿದ್ದೇ ಬಿಟ್ಟರು. ಬೆಳಕು ಬರಬೇಕು, ಬಿಸಿಲು ಬರಬಾರದು, ಅಂಥದ್ದೊಂದು ಪರದೆ ಬೇಕಾಯಿತು.

ಪೆಟ್ಟಿಗೆಯಲ್ಲಿ ತೀರಿಹೋದ ತಾತನ ಬಿಳಿ ಹತ್ತಿ ಪಂಚೆ ಇತ್ತು. ಅಜ್ಜಿ ಅದನ್ನೇ ತೆಗೆದು ಕೊಟ್ಟರು. "ಕತ್ತರಿ ಮಾತ್ರ ಹಾಕ್ಬೇಡ ಕಣೇ" ಅಂದರು. ನಾನು ಅಳತೆ ಹಿಡಿದು ನೋಡಿದೆ. ಕತ್ತರಿ ಬೇಕಾಗಲೇ ಇಲ್ಲ!

ಅಳತೆ: ಕಿಟಕಿ 3 ಅಡಿ ಅಗಲ, 39 ಇಂಚು ಎತ್ತರ. ಪಂಚೆ 8 ಮೊಳ ಉದ್ದ, ಅಂದರೆ 12 ಅಡಿ. ಅಗಲ 45 ಇಂಚು. ಪರದೆಗೆ ನೆರಿಗೆ ಚೆನ್ನಾಗಿ ಬರಬೇಕಾದರೆ ಬಟ್ಟೆ ಕಿಟಕಿಯ ಎರಡರಷ್ಟು ಅಗಲ ಇರಬೇಕು.

ಮಾಡುವ ವಿಧಾನ:

1. ಪಂಚೆಯನ್ನು ಉದ್ದದಲ್ಲಿ ಅರ್ಧಕ್ಕೆ ಮಡಿಸಿ. 6 ಅಡಿಯ ಎರಡು ಪದರ ಆಗುತ್ತದೆ.

2. ಬಣ್ಣದ ಅಂಚು ಕೆಳಗೆ ಬರುವಂತೆ ಅಡ್ಡಕ್ಕೆ ಹಿಡಿಯಿರಿ. ಅದೇ ಅಲಂಕಾರ. ಅಂಚಿನ ನೂಲು ಬಿಚ್ಚುವುದಿಲ್ಲ, ಹಾಗಾಗಿ ಅಲ್ಲಿ ಹೊಲಿಗೆ ಬೇಡ.

3. ಮೇಲ್ಗಡೆ ಎರಡೂ ಪದರ ಸೇರಿಸಿ ಎರಡೂವರೆ ಇಂಚು ಮಡಿಸಿ, ಸೂಜಿದಾರದಿಂದ ಉದ್ದಕ್ಕೂ ಓಟದ ಹೊಲಿಗೆ ಹಾಕಿ.

4. ಆ ಸಂದಿನೊಳಗೆ ಹೆಬ್ಬೆರಳು ದಪ್ಪದ ಬಿದಿರ ಕೋಲು ತೂರಿಸಿ, ನೆರಿಗೆ ಸರಿಮಾಡಿ, ಚೌಕಟ್ಟಿನ ಎರಡು ಮೊಳೆಗಳ ಮೇಲೆ ಕೂರಿಸಿ.

ಪರದೆ ಕಟ್ಟುವ ದಾರಕ್ಕೆ ಹಳೇ ಕ್ಯಾಲೆಂಡರಿನ ಮಣಿ ಮಾಡಿದೆ. ಬುಡ 1 ಇಂಚು, ಉದ್ದ 1 ಅಡಿ ಇರುವ ಚೂಪು ಪಟ್ಟಿ ಕತ್ತರಿಸಿ (ಕಾಗದಕ್ಕೆ ಕತ್ತರಿ ಹಾಕಬಹುದು!), ಅಗಲದ ಕಡೆಯಿಂದ ಪೊರಕೆ ಕಡ್ಡಿಗೆ ಬಿಗಿಯಾಗಿ ಸುತ್ತಿ, ತುದಿಗೆ ಮೈದಾ ಅಂಟು ಹಚ್ಚಿ, ಕಡ್ಡಿ ಎಳೆದರೆ ಮಣಿ ರೆಡಿ.

ಇದು ಹೇಗೆ ಕೆಲಸ ಮಾಡುತ್ತೆ ಗೊತ್ತಾ? ಬಿಳಿ ಬಟ್ಟೆ ಬಿಸಿಲನ್ನು ಬಹುಪಾಲು ಹಿಂದಕ್ಕೆ ಎಸೆಯುತ್ತದೆ. ಒಂದು ಪದರದ ನೂಲಿನ ಸಂದನ್ನು ಇನ್ನೊಂದು ಪದರ ಮುಚ್ಚುತ್ತದೆ. ಒಳಗೆ ಬಂದ ಬೆಳಕು ಚದುರಿ ಮೆತ್ತಗಾಗುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಹತ್ತಿ ಬಟ್ಟೆಯಾದ್ದರಿಂದ ಗಾಳಿಯೂ ಆಡುತ್ತದೆ.

ಎಚ್ಚರಿಕೆ: ಒಲೆ, ದೀಪದ ಹತ್ತಿರದ ಕಿಟಕಿಗೆ ಇಂಥ ಪರದೆ ಬೇಡ.

ಖರ್ಚು ಒಂದು ಉಂಡೆ ದಾರ ಮಾತ್ರ. ಹೊಲಿಗೆ ಬಿಚ್ಚಿದರೆ ಮತ್ತೆ ಅದೇ ಪಂಚೆ. ಈಗ ಅಜ್ಜಿ ಮಧ್ಯಾಹ್ನ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಾರೆ. ನಡುನಡುವೆ ಎದ್ದು ಪರದೆಯ ಅಂಚು ಸರಿಮಾಡುತ್ತಾರೆ. ನಾನೇನೋ ಸರಿಯಾಗೇ ಹಾಕಿದ್ದೇನೆ!

ನೀವೂ ಮಾಡಿ ನೋಡಿ.

— 9ನೇ ತರಗತಿಯ ವಿದ್ಯಾರ್ಥಿನಿ