ಭರತವನ್ನು ಮೊದಲೇ ಅರಿಯುವ ಹುಳು

ಕಾಲವನ್ನು ಅಳೆಯುವ ವಿದ್ಯೆಯು ಮನುಷ್ಯನೊಬ್ಬನ ಸೊತ್ತೆಂದು ನಾವು ಭಾವಿಸುವುದುಂಟು. ಸಮುದ್ರತೀರದ ಕೆಸರಿನಲ್ಲಿ ಬಾಳುವ ಒಂದು ಸಣ್ಣ ಬಸವನಹುಳುವಿನ ನಡತೆಯನ್ನು ಕಂಡರೆ ಈ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಆಫ್ರಿಕದ ಪೂರ್ವ ಕರಾವಳಿಯ ಅಳಿವೆಗಳಲ್ಲಿ ಇದರ ವಾಸ. ಶಾಸ್ತ್ರಜ್ಞರು ಇಟ್ಟ ಹೆಸರು ಸೆರಿಥಿಡಿಯ ಡಿಕೊಲೇಟ. ಚಿಪ್ಪು ಗೋಪುರದಂತೆ ಸುರುಳಿಯಾಗಿ ಬೆಳೆಯುತ್ತದೆ. ಆದರೆ ಬಲಿತ ಹುಳುವಿನಲ್ಲಿ ಅದರ ತುದಿ ಮುರಿದು ಮೊಂಡಾಗಿರುತ್ತದೆ. 'ಡಿಕೊಲೇಟ' ಎಂದರೆ ಲ್ಯಾಟಿನ್ನಿನಲ್ಲಿ ತಲೆ ಕಡಿಯಲ್ಪಟ್ಟದ್ದು ಎಂದರ್ಥ.

ಅಲ್ಲಿ ಬೆಳೆಯುವ ಮರಗಳು ಕಾಂಡ್ಲ ಜಾತಿಯವು. ಅವುಗಳಲ್ಲಿ ಅವಿಸೆನ್ನಿಯ ಎಂಬ ಕುಲದವು ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿಯೂ ಉಂಟು. ನೀರು ಇಳಿದಾಗ ಹುಳುಗಳು ಕೆಸರಿಗಿಳಿದು ಅದರ ಮೇಲ್ಪದರದಲ್ಲಿರುವ ಆಹಾರವನ್ನು ತಿನ್ನುತ್ತವೆ. ಭರತ ಬರುವ ಮುನ್ನ ಮರದ ಕಾಂಡಗಳನ್ನೇರಿ ಗುಂಪಾಗಿ ಅಂಟಿಕೊಂಡು ಕುಳಿತಿರುತ್ತವೆ.

ಇಲ್ಲಿಯೇ ಸೋಜಿಗ. ಭರತವು ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಬರುವುದರಿಂದ ಅದರ ವೇಳೆಯು ದಿನದಿನಕ್ಕೂ ಸುಮಾರು ಎರಡು ಗಳಿಗೆಯಷ್ಟು ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸಮಯದಲ್ಲಿ ನೀರು ಹೆಚ್ಚು ಎತ್ತರಕ್ಕೇರುತ್ತದೆ; ಅಷ್ಟಮಿಯ ಸುಮಾರಿಗೆ ಕಡಮೆ. ಇಂತಹ ಬದಲಾವಣೆಗಳಿದ್ದರೂ, ನೀರು ತಮ್ಮನ್ನು ಮುಟ್ಟುವ ಎಷ್ಟೋ ಮೊದಲೇ ಈ ಹುಳುಗಳು ಹೊರಡುತ್ತವೆ. 21ನೆಯ ಶತಮಾನದ ಮೊದಲ ದಶಕದಲ್ಲಿ ಇಟಲಿಯ ಮಾರ್ಕೊ ವನ್ನಿನಿ ಮತ್ತು ಅವರ ಸಂಗಡಿಗರು ಕೀನ್ಯದ ಮಿಡಾ ಎಂಬ ಕೊಲ್ಲಿಯಲ್ಲಿ ಇವನ್ನು ಪರೀಕ್ಷಿಸಿ, ದೇಹದೊಳಗಿನ ಯಾವುದೋ ಗಡಿಯಾರವೇ ಇದಕ್ಕೆ ಕಾರಣವಿರಬಹುದೆಂದು ಊಹಿಸಿದರು.

ಇಂತಹ ಗಡಿಯಾರವು ಅಸಂಭವವಲ್ಲ. 1958ರಲ್ಲಿ ಅರ್ನೆಸ್ಟ್ ನೇಯ್ಲರ್ ಎಂಬ ವಿಜ್ಞಾನಿಯು ತೀರದ ಏಡಿಗಳನ್ನು ಪ್ರಯೋಗಶಾಲೆಯಲ್ಲಿಟ್ಟು ನೋಡಿದರು. ಭರತ ಇಳಿತಗಳ ಸುಳಿವೇ ಇಲ್ಲದಿದ್ದರೂ, ಏಡಿಗಳ ಚಲನವಲನವು ಕೆಲವು ದಿನ ಅದೇ ತಾಳದಲ್ಲಿ ನಡೆಯಿತು. ಜೀವಿಯು ಹೊರಗಿನ ಸಮುದ್ರದ ಲಯವನ್ನು ತನ್ನೊಳಗೆ ಇರಿಸಿಕೊಂಡಿರುತ್ತದೆಂದು ಇದರಿಂದ ತಿಳಿಯುತ್ತದೆ.

ಆದರೆ ಹೊತ್ತು ತಿಳಿದರೆ ಮಾತ್ರ ಸಾಲದು. ಏರುವುದಕ್ಕೆ ಆಸರೆಯೂ ಬೇಕು. ಮರಮುಟ್ಟಿಗಾಗಿಯೂ ಸೌದೆಗಾಗಿಯೂ ನಾವು ಕಾಂಡ್ಲ ಕಾಡನ್ನು ಕಡಿದರೆ, ಇಂತಹ ಹುಳುಗಳು ವೇಳೆಗೆ ಸರಿಯಾಗಿ ಹೊರಟೂ ಸೇರುವ ತಾಣವನ್ನು ಕಾಣಲಾರವು. ಅಳಿವೆಯ ಕೆಸರನ್ನು ಬರಿಯ ಪಾಳುನೆಲವೆಂದು ಎಣಿಸುವವರು ಇದನ್ನು ನೆನೆಯಬೇಕೆಂದು ಶ್ರೋತೃಗಳಲ್ಲಿ ನಮ್ಮ ಬಿನ್ನಹ.