ನಿಮ್ಮ ಫೋನಿನ ಮನೆ ನಂಬರ್ ಎಷ್ಟು?

ಈ ಲೇಖನ ಓದುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಈಗ ಸೇರಿಕೊಂಡಿರುವ ವೈಫೈನ ವಿವರ ತೆರೆಯಿರಿ. ಅಲ್ಲಿ ‘ಐಪಿ ಅಡ್ರೆಸ್’ ಎಂದು ನಾಲ್ಕು ಸಂಖ್ಯೆಗಳು, ನಡುನಡುವೆ ಚುಕ್ಕಿ ಇಟ್ಟು, ಕಾಣುತ್ತವೆ. ಬಹುಶಃ 192.168 ಅಥವಾ 10.0 ಎಂದು ಶುರುವಾಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಪಕ್ಕದ ಮನೆಯವರ ಫೋನಿನಲ್ಲೂ ಇದೇ ಸಂಖ್ಯೆ ಇರಬಹುದು. ಬೆಂಗಳೂರಿನ ನಿಮ್ಮ ಅಜ್ಜಿಯ ಫೋನಿನಲ್ಲೂ ಇರಬಹುದು. ಆದರೂ ಅಜ್ಜಿ ಮಾಡಿದ ವಿಡಿಯೋ ಕಾಲ್ ನಿಮಗೇ ಬರುತ್ತದೆ, ಪಕ್ಕದ ಮನೆಗೆ ಹೋಗುವುದಿಲ್ಲ. ಅದು ಹೇಗೆ? ಒಂದೇ ವಿಳಾಸವನ್ನು ಇಷ್ಟೊಂದು ಜನ ಇಟ್ಟುಕೊಳ್ಳುವ ಪರಿಸ್ಥಿತಿ ಯಾಕೆ ಬಂತು? ಇವೆರಡು ಪ್ರಶ್ನೆಗೆ ಉತ್ತರ ಹುಡುಕೋಣ.

ವಿಳಾಸದಲ್ಲಿ ಎರಡು ಭಾಗ

ನಮ್ಮ ಶೋರ್‌ಲೈನ್ ಸಿಟಿ ಹಾಲ್‌ನ ವಿಳಾಸ 17500 ಮಿಡ್‌ವೇಲ್ ಅವೆನ್ಯೂ ನಾರ್ತ್. ಇದರಲ್ಲಿ 175 ಎಂದರೆ 175ನೇ ಬೀದಿ. ಕೊನೆಯ ಎರಡು ಅಂಕೆಗಳು ಆ ಬೀದಿಯಿಂದ ಮುಂದೆ ಯಾವ ಕಟ್ಟಡ ಎಂದು ಹೇಳುತ್ತವೆ. ಅಂಚೆಯವರು ಮೊದಲು ಬೀದಿ ಹಿಡಿದು, ಆಮೇಲೆ ಮನೆ ಹುಡುಕುತ್ತಾರೆ.

ಐಪಿ ವಿಳಾಸವೂ ಹೀಗೆಯೇ. 192.168.1.23 ಎಂಬ ವಿಳಾಸದಲ್ಲಿ, ಸಾಮಾನ್ಯ ಮನೆಯ ನೆಟ್‌ವರ್ಕ್ ಆದರೆ, ಮೊದಲ ಮೂರು ಸಂಖ್ಯೆಗಳು ಬೀದಿ, ಕೊನೆಯ 23 ಮನೆ. ಎಲ್ಲಿ ಕತ್ತರಿಸಬೇಕು ಎಂದು ಹೇಳುವುದು ‘ಸಬ್‌ನೆಟ್ ಮಾಸ್ಕ್’ ಎಂಬ ಇನ್ನೊಂದು ಸಂಖ್ಯೆ. ನಿಮ್ಮ ಫೋನಿನಲ್ಲಿ ಅದು 255.255.255.0 ಎಂದಿದ್ದರೆ ಮೂರನೆಯ ಚುಕ್ಕಿಯ ಹತ್ತಿರ ಕತ್ತರಿಸಬೇಕು ಎಂದರ್ಥ.

ಪ್ರತಿ ಸಂಖ್ಯೆಗೂ ಸಿಗುವುದು 8 ಬಿಟ್ ಜಾಗ. ಹಾಗಾಗಿ 0ಯಿಂದ 255ರವರೆಗೆ, ಒಟ್ಟು 256 ಸಂಖ್ಯೆ. ಇದರಲ್ಲಿ 0 ಬೀದಿಯ ಹೆಸರಿಗೆ ಹೋಯಿತು. 255 ಬೀದಿಯವರನ್ನೆಲ್ಲ ಒಟ್ಟಿಗೆ ಕೂಗಿ ಕರೆಯಲು. ಉಳಿದದ್ದು 254. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಪ್ರೋಟೋಕಾಲ್ ಅಂದರೆ ಮಾತಿನ ಕ್ರಮ

ಭಾರತಕ್ಕೆ ಫೋನ್ ಮಾಡಿದಾಗ ಏನಾಗುತ್ತದೆ? “ಹಲೋ, ಕೇಳಿಸ್ತಿದೆಯಾ?” “ಕೇಳಿಸ್ತಿದೆ, ನಿಂಗೆ ಕೇಳಿಸ್ತಿದೆಯಾ?” “ಹ್ಞೂ ಅಜ್ಜಿ, ಕೇಳಿಸ್ತಿದೆ.” ಇಷ್ಟಾದ ಮೇಲೆಯೇ “ಊಟ ಆಯ್ತಾ?” ಕಂಪ್ಯೂಟರ್‌ಗಳೂ ಹೀಗೇ ಮೂರು ಮಾತಾಡಿ ಸಂಪರ್ಕ ಶುರು ಮಾಡುತ್ತವೆ. ಈ ಕ್ರಮದ ಹೆಸರು ಟಿಸಿಪಿ. ದಾರಿಯಲ್ಲಿ ಒಂದು ತುಂಡು ಕಳೆದುಹೋದರೆ ಟಿಸಿಪಿ ಅದನ್ನು ಮತ್ತೆ ಕಳಿಸುತ್ತದೆ. ವಿಡಿಯೋ ಕಾಲ್‌ಗೆ ಹೆಚ್ಚಾಗಿ ಬಳಸುವ ಯುಡಿಪಿ ಹಾಗೆ ಮಾಡುವುದಿಲ್ಲ. ಎರಡು ಸೆಕೆಂಡ್ ಹಿಂದಿನ ಮಾತು ಈಗ ಬಂದು ಏನು ಪ್ರಯೋಜನ? ಅದಕ್ಕೇ ಅಜ್ಜಿಯ ಮುಖ ಒಮ್ಮೊಮ್ಮೆ ಚೌಕ ಚೌಕವಾಗಿ ಒಡೆಯುತ್ತದೆ.

ವಿಳಾಸ ಪಡೆಯುವುದಕ್ಕೂ ಒಂದು ಪ್ರೋಟೋಕಾಲ್ ಇದೆ, ಡಿಎಚ್‌ಸಿಪಿ. ವೈಫೈ ಸೇರಿದ ಕೂಡಲೇ ಫೋನ್ ಮತ್ತು ರೂಟರ್ ನಡುವೆ ನಾಲ್ಕು ಮಾತು ನಡೆಯುತ್ತದೆ.

“ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?”
“ಇದ್ದೇನೆ. 192.168.1.23 ಖಾಲಿ ಇದೆ, ಬೇಕಾ?”
“ಅದೇ ಇರಲಿ.”
“ತಗೋ. 24 ಗಂಟೆ ನಿನ್ನದು.”

ಕೊನೆಯ ಮಾತು ಗಮನಿಸಿ. ವಿಳಾಸ ಸ್ವಂತದ್ದಲ್ಲ, ಬಾಡಿಗೆಯದು.

ರಾಜ್ಯೋತ್ಸವದ ಹಾಲ್‌ನಲ್ಲಿ ಲೆಕ್ಕ ಹಾಕಿ

ಈಗ ಒಂದು ಹಾಲ್ ಊಹಿಸಿಕೊಳ್ಳಿ. ರಾಜ್ಯೋತ್ಸವಕ್ಕೆ ಬಂದವರ ಹತ್ತಿರ 300 ಫೋನ್ ಇವೆ. ಹಾಲ್‌ನ ನೆಟ್‌ವರ್ಕ್‌ನಲ್ಲಿ ಇರುವುದು 254 ವಿಳಾಸ, ಅದರಲ್ಲಿ ಒಂದು ರೂಟರ್‌ಗೇ ಬೇಕು. ಉಳಿದ 253 ಮುಗಿದ ಮೇಲೆ ಬಂದ 47 ಫೋನ್‌ಗಳಿಗೆ ಪಾಸ್‌ವರ್ಡ್ ಸರಿಯಿದ್ದರೂ ಇಂಟರ್ನೆಟ್ ಇಲ್ಲ. ಬೆಳಿಗ್ಗೆ ಡ್ಯಾನ್ಸ್ ರಿಹರ್ಸಲ್‌ಗೆ ಬಂದು ಮನೆಗೆ ಹೋದ ಮಕ್ಕಳ ಫೋನ್‌ಗಳೂ 24 ಗಂಟೆ ವಿಳಾಸ ಹಿಡಿದುಕೊಂಡಿದ್ದರೆ ಇನ್ನೂ ಕಷ್ಟ. ಊಟದ ಪಂಕ್ತಿಯಲ್ಲಿ ಕರ್ಚೀಫ್ ಹಾಕಿ ಹೋದವರ ಹಾಗೆ!

ಜನ “ಸಿಗ್ನಲ್ ಇಲ್ಲ” ಎನ್ನುತ್ತಾರೆ. ಸಿಗ್ನಲ್ ಇದೆ, ಇಲ್ಲದಿರುವುದು ವಿಳಾಸ. ಲ್ಯಾಪ್‌ಟಾಪ್‌ನಲ್ಲಿ 169.254 ಎಂದು ಶುರುವಾಗುವ ಸಂಖ್ಯೆ ಕಂಡರೆ ‘ನನಗೆ ಯಾರೂ ವಿಳಾಸ ಕೊಡಲಿಲ್ಲ, ನಾನೇ ಒಂದು ಹಾಕಿಕೊಂಡೆ’ ಎಂದು ಅದು ಹೇಳುತ್ತಿದೆ. ಪರಿಹಾರ ಎರಡು. ಬಾಡಿಗೆ ಅವಧಿಯನ್ನು ಒಂದು ಗಂಟೆಗೆ ಇಳಿಸಬಹುದು. ಇಲ್ಲವೇ ಬೀದಿಯ ಭಾಗದಿಂದ ಒಂದು ಬಿಟ್ ತೆಗೆದು ಮನೆಯ ಭಾಗಕ್ಕೆ ಕೊಡಬಹುದು. ಆಗ 254ರ ಬದಲು 510 ವಿಳಾಸ ಸಿಗುತ್ತದೆ.

ಹಾಗಾದರೆ ಶಾಲೆಯಂಥ ಸಂಸ್ಥೆ ಎಲ್ಲರಿಗೂ ಒಂದೇ ದೊಡ್ಡ ಬೀದಿ ಮಾಡಬಹುದಲ್ಲ? ಮಾಡುವುದಿಲ್ಲ. ಶಿಕ್ಷಕರಿಗೆ 10.20.1, ಮಕ್ಕಳ ಕ್ರೋಮ್‌ಬುಕ್‌ಗಳಿಗೆ 10.20.2, ಕ್ಯಾಮೆರಾಗಳಿಗೆ 10.20.3, ಅತಿಥಿಗಳಿಗೆ 10.20.4 ಎಂದು ಬೇರೆ ಬೇರೆ ಬೀದಿ ಮಾಡಿ, ನಡುವೆ ಫೈರ್‌ವಾಲ್ ಎಂಬ ಕಾವಲು ಇಡುತ್ತಾರೆ. ಅತಿಥಿಯೊಬ್ಬರ ಫೋನಿನಲ್ಲಿ ವೈರಸ್ ಇದ್ದರೂ ಅದು ಮಾರ್ಕ್ಸ್ ಇರುವ ಕಂಪ್ಯೂಟರ್ ತನಕ ಹೋಗಬಾರದು. ಪ್ರಿಂಟರ್‌ಗೆ ಮಾತ್ರ ಯಾವಾಗಲೂ ಬದಲಾಗದ ವಿಳಾಸ ಕೊಡುತ್ತಾರೆ. ಅಂಗಡಿ ದಿನಾ ಜಾಗ ಬದಲಿಸಿದರೆ ಗಿರಾಕಿಗಳು ಎಲ್ಲಿಗೆ ಹೋಗಬೇಕು?

ಗೇಟಿನಲ್ಲಿ ಒಂದು ರಿಜಿಸ್ಟರ್

ಈಗ ನಿಮ್ಮ ಚೀಟಿ ತೆಗೆಯಿರಿ. 10, 192.168, ಮತ್ತು 172.16ರಿಂದ 172.31ರವರೆಗೆ ಶುರುವಾಗುವ ವಿಳಾಸಗಳನ್ನು ಯಾವ ಮನೆ, ಯಾವ ಸಂಸ್ಥೆ ಬೇಕಾದರೂ ಒಳಗೊಳಗೆ ಬಳಸಬಹುದು. ಇಂಟರ್ನೆಟ್‌ನ ನಿಯಮಗಳನ್ನು ಬರೆಯುವ ಐಇಟಿಎಫ್ 1996ರಲ್ಲಿ ಹೀಗೆ ಗೊತ್ತುಮಾಡಿತು. ಇವು ಉಚಿತ, ಆದರೆ ಹೊರಗೆ ನಡೆಯುವುದಿಲ್ಲ. ಹೊರಗೆ ಹೋಗುವಾಗ ರೂಟರ್ ನಿಮ್ಮ ವಿಳಾಸ ಅಳಿಸಿ ತನ್ನ ಸಾರ್ವಜನಿಕ ವಿಳಾಸ ಬರೆಯುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ನೆನಪಿಸಿಕೊಳ್ಳಿ. ಬೀದಿಗೆ ಕಾಣುವುದು ಒಂದೇ ವಿಳಾಸ. ಯಾವ ಫ್ಲಾಟ್‌ಗೆ ಏನು ಬರಬೇಕು ಎಂಬುದು ಗೇಟಿನ ಸೆಕ್ಯುರಿಟಿಯವರ ರಿಜಿಸ್ಟರ್‌ನಲ್ಲಿದೆ. ರೂಟರ್ ಕೂಡ ಪ್ರತಿ ಸಂಭಾಷಣೆಗೂ ಒಂದು ಪೋರ್ಟ್ ಸಂಖ್ಯೆ ಹಾಕಿ ಬರೆದಿಡುತ್ತದೆ. ನಿಮ್ಮ ಫೋನೇ ಮೊದಲು ಹೊರಗಿನ ಸರ್ವರ್ ಜೊತೆ ಸಂಪರ್ಕ ತೆರೆದಿಟ್ಟಿರುತ್ತದೆ. ಅಜ್ಜಿಯ ಕಾಲ್ ಬಂದಾಗ ರೂಟರ್ ರಿಜಿಸ್ಟರ್ ನೋಡಿ ನಿಮಗೇ ತಲುಪಿಸುತ್ತದೆ. ಇದರ ಹೆಸರು ನ್ಯಾಟ್. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ವಿಳಾಸ ಖಾಲಿಯಾದ ಕಥೆ

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಸಿಯಾಟಲ್ ಸುತ್ತಮುತ್ತಲೇ ಇದೆ. 32 ಬಿಟ್‌ಗಳ ಈ ಹಳೆಯ ಪದ್ಧತಿಯಲ್ಲಿ, ಅಂದರೆ ಐಪಿವಿ4ರಲ್ಲಿ, ಒಟ್ಟು ಇರುವುದು 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸ. ಭೂಮಿಯ ಮೇಲಿನ ಜನರಿಗೆ ತಲಾ ಒಂದೂ ಇಲ್ಲ. ಶುರುವಿನಲ್ಲಿ ಇದು ಅಪಾರ ಅನ್ನಿಸಿತ್ತು. ಎಂಐಟಿ ಒಂದಕ್ಕೇ 18 ಎಂದು ಶುರುವಾಗುವ ಎಲ್ಲ ವಿಳಾಸ, ಸುಮಾರು 1 ಕೋಟಿ 67 ಲಕ್ಷ, ಸಿಕ್ಕಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1986ರಲ್ಲಿ ಶುರುವಾದ ಅರ್ನೆಟ್‌ನ ಮೊದಲ ಸಂಸ್ಥೆಗಳಲ್ಲಿ ಒಂದು. ಆದರೆ ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ದೊಡ್ಡ ದೊಡ್ಡ ಸೈಟುಗಳೆಲ್ಲ ಹಂಚಿಹೋಗಿದ್ದವು.

2011ರ ಫೆಬ್ರುವರಿ 3ರಂದು ಕೇಂದ್ರ ಉಗ್ರಾಣದ ಕೊನೆಯ ಕಟ್ಟುಗಳನ್ನು ಹಂಚಿದರು. ನಾನಾಗ ಇನ್ನೂ ತೊದಲು ಮಾತಾಡುತ್ತಿದ್ದೆ. ಅದೇ ವರ್ಷ ರೆಡ್ಮಂಡ್‌ನ ಮೈಕ್ರೋಸಾಫ್ಟ್, ದಿವಾಳಿಯಾದ ನಾರ್ಟೆಲ್ ಕಂಪನಿಯಿಂದ 6,66,624 ವಿಳಾಸಗಳನ್ನು 75 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು. ಒಂದಕ್ಕೆ ಸುಮಾರು 11 ಡಾಲರ್! 2015ರ ಸೆಪ್ಟೆಂಬರ್‌ನಲ್ಲಿ ಉತ್ತರ ಅಮೆರಿಕದ ಪಾಲೂ ಮುಗಿಯಿತು. 2017ರಲ್ಲಿ ಎಂಐಟಿ ತನ್ನ ಅರ್ಧ ಪಾಲು ಮಾರಲು ಹೊರಟಾಗ ಕೊಂಡವರಲ್ಲಿ ಸಿಯಾಟಲ್‌ನ ಅಮೆಜಾನ್ ಇತ್ತು. 2024ರ ಫೆಬ್ರುವರಿಯಿಂದ ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ಒಂದು ಸಾರ್ವಜನಿಕ ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್, ಅಂದರೆ ವರ್ಷಕ್ಕೆ ಸುಮಾರು 44 ಡಾಲರ್ ತೆಗೆದುಕೊಳ್ಳುತ್ತಿದೆ.

ದುಡ್ಡಿದ್ದವರು ಕೊಂಡುಕೊಳ್ಳುತ್ತಾರೆ. ಇಲ್ಲದವರು? ಮೊಬೈಲ್ ಕಂಪನಿಗಳು ನೂರಾರು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವುದುಂಟು. ಅದರಲ್ಲಿ ಯಾರೋ ಒಬ್ಬರು ಕಿಡಿಗೇಡಿತನ ಮಾಡಿ ಒಂದು ವೆಬ್‌ಸೈಟ್ ಆ ವಿಳಾಸವನ್ನು ತಡೆದರೆ, ಏನೂ ಮಾಡದ ಉಳಿದವರಿಗೂ ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದವರು ತೆರುವ ಬೆಲೆ ಇದು.

ತಡವಾಗಿ ಬಂದವರೇ ಮುಂದೆ

ಹೊಸ ಪದ್ಧತಿ ಐಪಿವಿ6ರಲ್ಲಿ 128 ಬಿಟ್ ಇವೆ. ಒಟ್ಟು ವಿಳಾಸಗಳ ಲೆಕ್ಕ 39 ಅಂಕೆಗಳ ಸಂಖ್ಯೆ. ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಕೊಟ್ಟರೂ ಮುಗಿಯುವುದಿಲ್ಲ. 2012ರ ಜೂನ್ 6ರಂದು ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್ ಮುಂತಾದವರು ಇದನ್ನು ಶಾಶ್ವತವಾಗಿ ಶುರು ಮಾಡಿದರು. ಬೆಲ್‌ವ್ಯೂದ ಟಿ-ಮೊಬೈಲ್ ಫೋನ್‌ಗಳನ್ನು ಐಪಿವಿ6 ಮೇಲೆಯೇ ನಡೆಸಲು ಬೇಗ ಹೊರಟ ಕಂಪನಿಗಳಲ್ಲಿ ಒಂದು. ಹಳೆಯ ವಿಳಾಸ ಸಾಕಷ್ಟು ಇದ್ದ ಸಂಸ್ಥೆಗಳಿಗೆ ಅವಸರವಿರಲಿಲ್ಲ. ಭಾರತಕ್ಕೆ ಇತ್ತು. 2016ರಲ್ಲಿ ಬಂದ ಜಿಯೋ ಐಪಿವಿ6 ಬಳಸಿಯೇ ಕೋಟಿಗಟ್ಟಲೆ ಫೋನ್‌ಗಳನ್ನು ಜೋಡಿಸಿತು. ಇವತ್ತು ಗೂಗಲ್‌ನ ಅಂಕಿಅಂಶದಲ್ಲಿ ಐಪಿವಿ6 ಬಳಕೆಯಲ್ಲಿ ಭಾರತ ಅಮೆರಿಕಕ್ಕಿಂತ ಮುಂದಿದೆ. ಹಾಸನದ ಹಳ್ಳಿಯಲ್ಲಿರುವ ತಾತನ ಫೋನ್ ನಿಮ್ಮ ತಂದೆಯ ಆಫೀಸಿಗಿಂತ ಹೊಸ ವಿಳಾಸದಲ್ಲಿ ಇರಬಹುದು!

ಆದ್ದರಿಂದ ಈ ವಾರ ಎರಡು ಕೆಲಸ. ಮಕ್ಕಳೇ, ನಿಮ್ಮ ಫೋನಿನ ವಿವರದಲ್ಲಿ ‘ಐಪಿವಿ6’ ಎಂಬ ಇನ್ನೊಂದು ಉದ್ದದ ವಿಳಾಸ ಇದೆಯಾ ನೋಡಿ. ಅದು 2 ಅಥವಾ 3ರಿಂದ ಶುರುವಾದರೆ ಅದು ಹೊರಗೂ ನಡೆಯುವ ವಿಳಾಸ. ಎಫ್ಇ80 ಎಂದು ಶುರುವಾದರೆ ಒಳಗಿನದು ಮಾತ್ರ. ದೊಡ್ಡವರೇ, ನಿಮ್ಮಲ್ಲಿ ಬಹಳ ಮಂದಿ ಇದೇ ಕಂಪನಿಗಳಲ್ಲಿ ಕೆಲಸ ಮಾಡುತ್ತೀರಿ. ನಿಮ್ಮ ಆಫೀಸಿನ ನೆಟ್‌ವರ್ಕ್ ಇನ್ನೂ ಹಳೆಯ ವಿಳಾಸದಲ್ಲೇ ಇದೆಯಾ, ಇದ್ದರೆ ಯಾಕೆ ಎಂದು ಕೇಳಿಕೊಂಡು ಬನ್ನಿ. ನಿಮ್ಮ ಉತ್ತರಗಳನ್ನು ಮುಂದಿನ ಕನ್ನಡ ತರಗತಿಗೆ ತನ್ನಿ. ಬೋರ್ಡಿನ ಮೇಲೆ ಎರಡು ಪಟ್ಟಿ ಮಾಡಿ, ಯಾರ ಮನೆ ಯಾವ ಪಟ್ಟಿಗೆ ಸೇರುತ್ತದೆ ಎಂದು ಎಣಿಸೋಣ.